ಆಸ್ಪತ್ರೆಯಲ್ಲಿ ಆಳುವವರು ಯಾರು?

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ವೈದ್ಯನಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ಯತ್ನಿಸಿದೆ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನಿಗೆ ರಕ್ತದೊತ್ತಡಕ್ಕಿಂತ ಬಡ್ಡಿಯ ದರವೇ ಹೆಚ್ಚು ಪರಿಚಿತ. "ಹಾಗಾದರೆ ಆಸ್ಪತ್ರೆಯ ಆಡಳಿತದ ವಿಷಯ ಬರೆಯಿರಿ, ಅದಕ್ಕೆ ಸ್ಟೆತಾಸ್ಕೋಪು ಬೇಡವಲ್ಲ" ಎಂದು ಅವರು ಬಿಡಲಿಲ್ಲ. ನಾನು ಒಪ್ಪಿಕೊಂಡುದಕ್ಕೆ ಮತ್ತೊಂದು ಕಾರಣವೂ ಇತ್ತು. ಮೂರು ವರ್ಷಗಳಿಂದ ಮನಸ್ಸನ್ನು ಚುಚ್ಚುತ್ತಿರುವ ಒಂದು ಪ್ರಸಂಗವನ್ನು ನಮ್ಮವರ ಮುಂದೆಯೇ ಹೇಳಿಬಿಡಬೇಕೆಂಬ ಬಯಕೆ.

ನನ್ನ ಸೋದರಮಾವನವರು ಚಿಕಿತ್ಸೆಗಾಗಿ ಊರಿನಿಂದ ಮುಂಬಯಿಗೆ ಬಂದಿದ್ದರು. ಕುಂದಾಪುರದ ಕಡೆಯವರು, ಎಪ್ಪತ್ತು ದಾಟಿದವರು, ಹಿಂದಿ, ಮರಾಠಿ ಎರಡೂ ಬಾರದು. ಈ ನಗರದ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಅವರನ್ನು ದಾಖಲು ಮಾಡಬೇಕಿತ್ತು. ಹಾಸಿಗೆ ಖಾಲಿಯಿಲ್ಲವೆಂದರು. ಆಗ ನಾನು ಮಾಡಿದುದು ನಾವೆಲ್ಲರೂ ಮಾಡುವ ಕೆಲಸವನ್ನೇ. ಸಂಘದ ಹಿರಿಯರೊಬ್ಬರಿಗೆ ಫೋನು ಮಾಡಿದೆ. ಅವರು ಪರಿಚಯದ ಅಧಿಕಾರಿಯೊಬ್ಬರಿಗೆ ಮಾಡಿದರು. ಆ ಅಧಿಕಾರಿ ಆಸ್ಪತ್ರೆಯ ಮೇಲಧಿಕಾರಿಗೆ ಮಾಡಿದರು. ಹನ್ನೊಂದು ಗಂಟೆಯ ಹೊತ್ತಿಗೆ ಮೇಲಧಿಕಾರಿಯ ರುಜುವಿದ್ದ ಚೀಟಿಯೊಂದು ನನ್ನ ಕೈಸೇರಿತು.

ಆ ಚೀಟಿಯನ್ನು ಹಿಡಿದುಕೊಂಡು ಮಧ್ಯಾಹ್ನ ಎರಡರ ತನಕ ವಾರ್ಡಿನ ಬಾಗಿಲಲ್ಲಿ ನಿಂತೆ. ಗುಮಾಸ್ತರು ಅದನ್ನು ನೋಡಿದರು, ವಾರ್ಡ್‌ಬಾಯ್ ನೋಡಿದ, ಕಿರಿಯ ವೈದ್ಯರೊಬ್ಬರೂ ನೋಡಿ ತಲೆಯಾಡಿಸಿದರು. ಹಾಸಿಗೆ ಮಾತ್ರ ಬರಲಿಲ್ಲ. ಕೊನೆಗೆ ಪಾಳಿ ಬದಲಾಗಿ, ಹಿರಿಯ ಸಿಸ್ಟರ್ ಒಬ್ಬರು ಬಂದರು. ಮಾವನವರ ಮುಖವನ್ನು ಒಂದು ಗಳಿಗೆ ನೋಡಿದರು. ಚೀಟಿಯನ್ನು ಮಡಚಿದ್ದಂತೆಯೇ ಮೇಜಿನ ಮೇಲಿರಿಸಿ, ಒಳಗಿನವರಿಗೆ ಎರಡು ಮಾತು ಹೇಳಿದರು. ಹತ್ತು ನಿಮಿಷಗಳಲ್ಲಿ ಹಾಸಿಗೆ ಸಿದ್ಧವಾಯಿತು.

ಕತೆ ಅಷ್ಟಕ್ಕೇ ಮುಗಿದಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ಅದೇ ಬಾಗಿಲಿನ ಬೆಂಚಿನ ಮೇಲೆ ಲಾತೂರಿನ ಕಡೆಯ ವೃದ್ಧರೊಬ್ಬರು ಹಿಂದಿನ ದಿನದಿಂದಲೂ ಕುಳಿತಿದ್ದರು. ಅವರ ಮಗ ಬೆಳಿಗ್ಗೆ ತನ್ನ ತಂದೆಗೆ ಚಹಾ ತರುವಾಗ ನಮ್ಮ ಮಾವನವರಿಗೂ ಒಂದು ಲೋಟ ತಂದುಕೊಟ್ಟಿದ್ದ. ನಾವು ಒಳಗೆ ಹೊರಟಾಗ ಅವನು ಏನೂ ಅನ್ನಲಿಲ್ಲ. ನಮ್ಮ ಚೀಲವನ್ನು ಎತ್ತಿಕೊಡಲು ಬಂದ. ಸಿಸ್ಟರ್ ಲೆಕ್ಕಕ್ಕೆ ತೆಗೆದುಕೊಂಡುದು ಮಾವನವರ ಉಸಿರಾಟವನ್ನೋ, ಮೇಜಿನ ಮೇಲಿದ್ದ ಚೀಟಿಯನ್ನೋ, ಇಂದಿಗೂ ನಾನರಿಯೆ. ಉಸಿರಾಟವನ್ನೇ ಎಂದು ನನ್ನ ಮನೆಯವಳು ಸಮಾಧಾನ ಹೇಳುತ್ತಾಳೆ. ಚೀಟಿಯಿಲ್ಲದಿದ್ದರೆ ಸರದಿಯಲ್ಲಿ ನಾವು ಆ ವೃದ್ಧರ ಹಿಂದೆ ಇರುತ್ತಿದ್ದೆವೆಂಬುದು ಮಾತ್ರ ನಿಶ್ಚಯ.

ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ನಮಗೆ ನಾಯಕತ್ವದ ಪಾಠಗಳಿರುತ್ತವೆ. ಅಧಿಕಾರಕ್ಕೆ ಐದು ಮೂಲಗಳಿವೆಯೆಂದು ಫ್ರೆಂಚ್ ಮತ್ತು ರೇವನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1959ರಲ್ಲಿ ವಿಂಗಡಿಸಿ ತೋರಿಸಿದರು. ಬಹುಮಾನ ಕೊಡುವ ಶಕ್ತಿ, ದಂಡಿಸುವ ಶಕ್ತಿ, ಹುದ್ದೆಯಿಂದ ಬರುವ ಶಕ್ತಿ, ವಿದ್ಯೆಯಿಂದ ಬರುವ ಶಕ್ತಿ, ಮತ್ತು ಜನರು ತಾವಾಗಿಯೇ ಮೆಚ್ಚಿ ಅನುಸರಿಸುವುದರಿಂದ ಬರುವ ಶಕ್ತಿ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದುದು ಆ ದಿನ ವಾರ್ಡಿನ ಬಾಗಿಲಲ್ಲಿ. ಬ್ಯಾಂಕಿನ ಶಾಖೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಒಬ್ಬ ವ್ಯವಸ್ಥಾಪಕರ ಮೇಜಿನ ಮೇಲೆಯೇ ಇರುತ್ತವೆ. ಆಸ್ಪತ್ರೆಯಲ್ಲಿ ಹಾಗಲ್ಲ, ಹುದ್ದೆ ಡೀನರದು, ವಿದ್ಯೆ ಶಸ್ತ್ರವೈದ್ಯರದು, ರೋಗಿಯ ವಿಶ್ವಾಸ ದಾದಿಯದು, ಉಗ್ರಾಣದ ಬೀಗದ ಕೈ ಇನ್ನಾರದೋ. ಆದುದರಿಂದ ಆಸ್ಪತ್ರೆಯನ್ನು ಬರಿಯ ಆಜ್ಞೆಯಿಂದ ನಡೆಸಲು ಹೊರಟವರ ಚೀಟಿಗೆ ನನ್ನ ಕೈಯಲ್ಲಿದ್ದ ಚೀಟಿಯ ಗತಿಯೇ ಬರುವುದು.

ದಾದಿಯರ ಈ ಪ್ರಭಾವಕ್ಕೆ ನಮ್ಮ ಮುಂಬಯಿಯಲ್ಲಿಯೇ ಒಂದು ಉದಾಹರಣೆಯಿದೆ. ಅದು ನಮ್ಮ ನಾಡಿನ ಹೆಣ್ಣುಮಗಳಿಗೆ ಸಂಬಂಧಿಸಿದುದೂ ಹೌದು. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರಳದ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರಿನಲ್ಲಿ ಅಲ್ಲಿಯೇ ಹಲ್ಲೆ ನಡೆಯಿತು. ಆಕೆ ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು ನಲವತ್ತೆರಡು ವರ್ಷಗಳ ಕಾಲ, ಆ ಆಸ್ಪತ್ರೆಯ ದಾದಿಯರೇ ಆಕೆಯನ್ನು ನೋಡಿಕೊಂಡರು. ಹಾಸಿಗೆಯನ್ನು ತೆರವು ಮಾಡಲು ಆಕೆಯನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ಬಂದಾಗ ದಾದಿಯರು ಪ್ರತಿಭಟಿಸಿದರು, ಯೋಜನೆ ಬಿದ್ದುಹೋಯಿತು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆಕೆಯ ಪರವಾಗಿ ನಿರ್ಣಯಿಸಲು ಹತ್ತಿರದವರು ಯಾರೆಂಬ ಪ್ರಶ್ನೆಗೆ, ಇಷ್ಟು ಕಾಲ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಎಂದು 2011ರ ಮಾರ್ಚಿನಲ್ಲಿ ನ್ಯಾಯಾಲಯ ಹೇಳಿತು. ಆ ದಾದಿಯರಿಗೆ ಯಾವ ಮಂಜೂರಾತಿಯ ಅಧಿಕಾರವಿತ್ತು? ಒಂದು ಹಾಸಿಗೆಯ ಬಗೆಗೆ ದೊಡ್ಡವರ ನಿರ್ಧಾರವನ್ನು ಅವರು ತಿರುಗಿಸಿದುದು, ತಲೆಮಾರಿನಿಂದ ತಲೆಮಾರಿಗೆ ಪಾಳಿ ತಪ್ಪದೆ ಮಾಡಿದ ಆರೈಕೆಯ ಬಲದಿಂದ.

ಶಸ್ತ್ರಕ್ರಿಯೆಯ ಕೊಠಡಿಯಲ್ಲಾದರೂ ಒಬ್ಬರ ಮಾತೇ ನಡೆಯಬೇಕಲ್ಲವೆ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಕ್ರಿಯೆಗೆ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮುನ್ನ, ಚರ್ಮವನ್ನು ಕೊಯ್ಯುವ ಮುನ್ನ, ರೋಗಿಯನ್ನು ಹೊರಗೊಯ್ಯುವ ಮುನ್ನ, ಹೀಗೆ ಮೂರು ಸಲ ಕೆಲಸ ನಿಲ್ಲಿಸಿ ಗಟ್ಟಿಯಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು: ರೋಗಿ ಇವರೇ ತಾನೆ, ಜಾಗ ಇದೇ ತಾನೆ, ಉಪಕರಣಗಳ ಎಣಿಕೆ ಸರಿಯಿದೆಯೇ. ಅನೇಕ ಕಡೆ ಈ ಪ್ರಶ್ನೆಗಳನ್ನು ಕೇಳುವವರು ದಾದಿ. ಉತ್ತರಿಸಬೇಕಾದವರಲ್ಲಿ ಶಸ್ತ್ರವೈದ್ಯರೂ ಒಬ್ಬರು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ, ಶಸ್ತ್ರಕ್ರಿಯೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದಾಗಿ 2009ರಲ್ಲಿ ಪ್ರಕಟವಾಯಿತು. ಬ್ಯಾಂಕಿನವರಿಗೆ ಇದು ಹೊಸದೇನಲ್ಲ. ಒಬ್ಬರು ಬರೆದ ವೋಚರಿಗೆ ಇನ್ನೊಬ್ಬರು ರುಜು ಹಾಕದೆ ನಮ್ಮಲ್ಲಿ ಹಣ ಕದಲುವುದಿಲ್ಲ. ಬರೆದವರು ಎಷ್ಟು ದೊಡ್ಡವರಾದರೂ ಸರಿಯೆ. ನೂರು ರೂಪಾಯಿಗೆ ಇರುವ ಕಾವಲು ಮನುಷ್ಯನ ಹೊಟ್ಟೆಗೆ ಇಷ್ಟು ತಡವಾಗಿ ಬಂದಿತಲ್ಲ ಎಂದು ಸೋಜಿಗವಾಗುತ್ತದೆ.

ಇನ್ನು ನಾಯಕರ ಮಾತು. ಡಾ. ಜಿ. ವೆಂಕಟಸ್ವಾಮಿಯವರು ಸರಕಾರಿ ಸೇವೆಯಿಂದ ನಿವೃತ್ತರಾಗಿ, ಮಧುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದರು. ಆಗ ಅವರಿಗೆ 58 ವರ್ಷ. ಯೌವನದಲ್ಲಿ ತಗುಲಿದ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಅಂಥ ಬೆರಳುಗಳಿಂದಲೇ ಕತ್ತಿ ಹಿಡಿಯುವುದನ್ನು ಅಭ್ಯಾಸಮಾಡಿಕೊಂಡು ಒಂದು ಲಕ್ಷಕ್ಕೂ ಮೀರಿ ಶಸ್ತ್ರಕ್ರಿಯೆಗಳನ್ನು ನಡೆಸಿದವರು. ಇವರು ಸಾಲ ಕೇಳಿಕೊಂಡು ನನ್ನ ಮೇಜಿನ ಮುಂದೆ ಬಂದಿದ್ದರೆ ಮಂಜೂರು ಮಾಡುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಅವರ ವ್ಯಕ್ತಿತ್ವವನ್ನು ಹೊಗಳುವವರು ಬಹಳ ಮಂದಿ. ನನಗೆ ಹಿರಿದಾಗಿ ಕಾಣುವುದು ಅವರು ತಮ್ಮ ವರ್ಚಸ್ಸನ್ನು ಕೆಲಸದ ಕ್ರಮವಾಗಿ ಇಳಿಸಿದ ಬಗೆ. ಹಳ್ಳಿಯ ಹುಡುಗಿಯರನ್ನು ಆಯ್ದು ತರಬೇತಿ ಕೊಟ್ಟು, ವೈದ್ಯರಲ್ಲದವರು ಮಾಡಬಹುದಾದುದೆಲ್ಲವನ್ನೂ ಅವರಿಗೆ ವಹಿಸಿದರು. ಎರಡು ಮೇಜುಗಳಿಟ್ಟು, ಒಂದರಲ್ಲಿ ಕೆಲಸ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿಯನ್ನು ಸಿದ್ಧಗೊಳಿಸಿ, ವೈದ್ಯರ ಸಮಯವನ್ನು ಉಳಿಸಿದರು. ಕಣ್ಣಿನೊಳಗೆ ಇಡುವ ಮಸೂರ ದುಬಾರಿಯಾಗಿದ್ದುದರಿಂದ 1992ರಲ್ಲಿ ಅದನ್ನು ತಾವೇ ತಯಾರಿಸಲು ಆರೋಲ್ಯಾಬ್ ಸಂಸ್ಥೆಯನ್ನು ತೆರೆದರು. ಕೊಡಬಲ್ಲವರು ಕೊಟ್ಟರು, ರೋಗಿಗಳಲ್ಲಿ ದೊಡ್ಡ ಪಾಲಿನವರು ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ದೃಷ್ಟಿ ಪಡೆದರು. 2006ರಲ್ಲಿ ಅವರು ನಿಧನರಾದರು. ಆಸ್ಪತ್ರೆ ನಿಲ್ಲಲಿಲ್ಲ, ಬೆಳೆಯಿತು. ಅಲ್ಲಿ ಚೀಟಿ ತಂದವನಿಗೂ ತರದವನಿಗೂ ಒಂದೇ ಸಾಲಾದುದು ನಾಯಕರು ಬಾಗಿಲಲ್ಲಿ ನಿಂತು ಕಾದುದರಿಂದಲ್ಲ, ಎಲ್ಲರಿಗೂ ಸಾಲುವಷ್ಟು ಕೆಲಸ ಸಾಗುವಂತೆ ವ್ಯವಸ್ಥೆ ಮಾಡಿದುದರಿಂದ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರು ನಮ್ಮವರೆಲ್ಲರಿಗೂ ಗೊತ್ತು. 2006ರಿಂದ 2024ರ ಜನವರಿಯವರೆಗೆ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಅವರು ಮೊದಲು ಚಿಕಿತ್ಸೆ, ಅನಂತರ ಹಣ ಎಂಬ ಕ್ರಮವನ್ನು ಅಲ್ಲಿ ನೆಲೆಗೊಳಿಸಿದರು. ಮುಂದೆ ಅವರು ರಾಜಕೀಯಕ್ಕೆ ಹೋದುದು ಬೇರೆ ಮಾತು. ಒಂದು ಸರಕಾರಿ ಆಸ್ಪತ್ರೆಯಲ್ಲಿ ಕ್ಯಾಷ್ ಕೌಂಟರನ್ನು ವೈದ್ಯರ ಹಿಂದಕ್ಕೆ ಸರಿಸಲು ಸಾಧ್ಯವೆಂದು ತೋರಿಸಿದುದಕ್ಕಾಗಿ, ಒಬ್ಬ ಬ್ಯಾಂಕಿನವನಾಗಿ ನಾನು ಅವರಿಗೆ ಕೈಮುಗಿಯುತ್ತೇನೆ.

ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ನನ್ನ ಅಂಜಿಕೆ ಒಂದೇ. ಅದು ಟಾರ್ಗೆಟ್ಟಿನ ಅಂಜಿಕೆ. ಠೇವಣಿ ಇಷ್ಟಾಗಬೇಕು, ವಿಮೆಯ ಪಾಲಿಸಿ ಇಷ್ಟು ಮಾರಬೇಕು ಎಂಬ ಒತ್ತಡದಲ್ಲಿ ಒಳ್ಳೆಯ ಅಧಿಕಾರಿಗಳೂ ಗಿರಾಕಿಗೆ ಬೇಡದುದನ್ನು ಕಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೂ ಕಟ್ಟಿದ್ದೇನೆ. ಬೇಡದ ಪಾಲಿಸಿಯನ್ನು ಹಿಂದಿರುಗಿಸಲು ಕೆಲವು ದಿನಗಳ ಅವಕಾಶವಾದರೂ ಉಂಟು. ಬೇಡದ ಶಸ್ತ್ರಕ್ರಿಯೆಯನ್ನು ಹಿಂದಿರುಗಿಸುವ ಬಗೆ ಹೇಗೆ? ಬಹುಮಾನದ ಶಕ್ತಿಯನ್ನು ಎಲ್ಲಿ ಬೇಕಾದರೂ ಬಳಸಲಿ, ವೈದ್ಯರ ಔಷಧ ಚೀಟಿಯ ಹತ್ತಿರಕ್ಕೆ ಮಾತ್ರ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಊರಿನಿಂದ ರೋಗಿ ಬಂದರೆ ನಮ್ಮ ಸಂಘ ಮಾಡುವ ದೊಡ್ಡ ಉಪಕಾರವೆಂದರೆ ವಶೀಲಿ. ಹೊರನಾಡಿನಲ್ಲಿ ನಮ್ಮವರಿಗೆ ನಾವಲ್ಲದೆ ಯಾರು ಎಂಬ ಮಾತು ಸುಳ್ಳಲ್ಲ. ಆದರೆ ನಾವು ಕೊಡಿಸಿದ ಪ್ರತಿ ಹಾಸಿಗೆಯೂ ಯಾವುದೋ ಬೆಂಚಿನ ಮೇಲಿದ್ದವರದಾಗಿರಬಹುದು. ಆ ಬೆಂಚಿನ ಮೇಲೆ ಫೋನು ಮಾಡಲು ಯಾರೂ ಇಲ್ಲದ ಇನ್ನೊಬ್ಬ ಕನ್ನಡಿಗನೇ ಕುಳಿತಿರಬಹುದು. ಮಾವನವರ ಹತ್ತು ದಿನಗಳ ಆಸ್ಪತ್ರೆಯ ವಾಸದಲ್ಲಿ ನಾನು ಕಂಡುಕೊಂಡ ಸಂಗತಿಯೆಂದರೆ, ಅವರಿಗೆ ಹಾಸಿಗೆಯಷ್ಟೇ ಬೇಕಾಗಿದ್ದುದು ಭಾಷೆ. ನೋವು ಎಲ್ಲಿ ಎಂದು ಕೇಳಿದರೆ ಅವರು ಸುಮ್ಮನೆ ನಗುತ್ತಿದ್ದರು. ಒಪ್ಪಿಗೆ ಪತ್ರಕ್ಕೆ ಓದದೆ ರುಜು ಹಾಕಿದರು. ಯಾವ ಕೌಂಟರಿನಲ್ಲಿ ಯಾವ ಕಾಗದ ಬೇಕು, ಸರಕಾರಿ ಯೋಜನೆಗೆ ಯಾವ ಕಾರ್ಡು ತೋರಿಸಬೇಕು ಎಂಬುದು ಗೊತ್ತಿಲ್ಲದೆ ಜನ ಕಳೆದುಕೊಳ್ಳುವ ದಿನಗಳಿಗೆ ಲೆಕ್ಕವಿಲ್ಲ. ಇದನ್ನು ಸರಿಪಡಿಸಲು ಯಾರ ರುಜುವೂ ಬೇಡ. ಕನ್ನಡ, ಮರಾಠಿ ಎರಡೂ ಬಲ್ಲ ಒಬ್ಬರು ಬೆಳಗಿನ ನಾಲ್ಕು ಗಂಟೆ ಅಲ್ಲಿ ಕುಳಿತರೆ ಸಾಕು. ಅವರ ಸಹಾಯ ಸರದಿಯನ್ನು ಮುರಿಯುವುದಿಲ್ಲ.

ಕಾರ್ಯಕಾರಿ ಸಮಿತಿಯ ಮುಂದೆ ಈ ಸಲಹೆಯನ್ನು ಇಟ್ಟೆ. "ಒಳ್ಳೆಯದು, ಕುಳಿತುಕೊಳ್ಳುವವರು ಯಾರು?" ಎಂದು ಕಾರ್ಯದರ್ಶಿಗಳು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಎರಡನೆಯ ಶನಿವಾರಕ್ಕೆ ನನ್ನ ಹೆಸರನ್ನು ಬರೆದುಕೊಟ್ಟಿದ್ದೇನೆ. ಉಳಿದ ದಿನಗಳ ಪಟ್ಟಿ ಸಂಘದ ಕಚೇರಿಯ ಮೇಜಿನ ಮೇಲಿದೆ.