ಅರ್ಜಿಯ ನಾಲ್ಕನೆಯ ಕಲಮು

ನಮ್ಮೂರ ಮಠದ ಸಾಮೂಹಿಕ ವಿವಾಹ ಸಮಿತಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಇದ್ದೇನೆ. ಲೆಕ್ಕಪತ್ರ ನನ್ನ ಪಾಲಿನ ಸೇವೆ. ಬ್ಯಾಂಕಿನಲ್ಲಿ 31 ವರ್ಷ ದುಡಿದು ಬಂದವನಿಗೆ ಊರವರು ಬೇರೆ ಯಾವ ಕೆಲಸ ಕೊಟ್ಟಾರು? ಈ ಸಲದ ಅರ್ಜಿ ನಮೂನೆಯನ್ನೂ ನಾನೇ ಬರೆದೆ. ಒಂದು, ವಧೂವರರ ವಯಸ್ಸಿನ ದಾಖಲೆ. ಎರಡು, ಆಧಾರ್ ನಕಲು. ಮೂರು, ಭಾವಚಿತ್ರ. ನಾಲ್ಕು, ಬಿಪಿಎಲ್ ಕಾರ್ಡಿನ ನಕಲು ಕಡ್ಡಾಯ. ಸಭೆಯಲ್ಲಿ ಓದಿದಾಗ ಯಾರೂ ತಕರಾರು ಮಾಡಲಿಲ್ಲ. ‘ಬಡವರಿಗೇ ಅನುಕೂಲ ಆಗಲಿ’ ಎಂದು ಹಿರಿಯರೊಬ್ಬರು ಮೆಚ್ಚಿಕೊಂಡರು. ಪೂಜ್ಯ ಅಜ್ಜಾರು ಮಾತ್ರ ಏನೂ ಹೇಳಲಿಲ್ಲ. ಆ ಮೌನ ನನಗೆ ಅಂದು ಒಪ್ಪಿಗೆಯಂತೆ ಕಂಡಿತು.

ವಾರದ ಮೇಲೆ ಕುಷ್ಟಗಿ ಸೀಮೆಯ ನಮ್ಮ ಸಂಬಂಧಿಕನೊಬ್ಬ ಬಂದ. ಮಗಳ ಮದುವೆ ಗೊತ್ತಾಗಿತ್ತು. ಅರ್ಜಿ ತುಂಬಿದ್ದ, ನಾಲ್ಕನೆಯ ಕಲಮಿನ ಮುಂದೆ ಮಾತ್ರ ಖಾಲಿ ಬಿಟ್ಟಿದ್ದ. ಕೇಳಿದರೆ, ‘ನಂದು ಎಪಿಎಲ್ ಐತ್ರಿ ಕಾಕಾ. ಹೊಲ ಹತ್ತ ಎಕರೆ ಐತಂತ ಆ ಕಾರ್ಡ್ ತಗದಾರ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇದ್ದವರಿಗೆ ಬಿಪಿಎಲ್ ಇಲ್ಲ ಎಂಬುದು ಸರ್ಕಾರದ ನಿಯಮ. ಮೂರು ಹೆಕ್ಟೇರೆಂದರೆ ಹೆಚ್ಚುಕಡಿಮೆ ಏಳೂವರೆ ಎಕರೆ. ಹತ್ತೆಕರೆಯ ಒಡೆಯನಾದ ಇವನು ಕಾಗದದ ಮೇಲೆ ಬಡವನಲ್ಲ.

ಆ ಹತ್ತೆಕರೆ ನಾನು ಕಂಡಿದ್ದೇನೆ. ಮಸಾರಿ ನೆಲ. ಮುಂಗಾರಿ ಸರಿಯಾಗಿ ಆದರೆ ಸಜ್ಜೆ, ತೊಗರಿ. ಆಗದಿದ್ದರೆ ಕಣಕಿಗೂ ದಾರಿಯಿಲ್ಲ. ಒಮ್ಮೆ ಬೋರು ಹಾಕಿಸಿ ಎರಡು ಎಕರೆ ದಾಳಿಂಬೆ ಮಾಡಿದ್ದ. ಕುಷ್ಟಗಿಯ ದಾಳಿಂಬೆಗೆ ಒಳ್ಳೆಯ ಹೆಸರಿದ್ದ ಕಾಲ ಅದು. ಅಂಗಮಾರಿ ರೋಗ ಬಂದು ಗಿಡ ಕಿತ್ತು ಬದುವಿಗೆ ಹಾಕಿದ. ಸಾಲ ಮಾತ್ರ ಕೀಳಲಾಗಲಿಲ್ಲ. ಈಗ ಸುಗ್ಗಿ ಮುಗಿಯುತ್ತಲೇ ಗಂಡ ಹೆಂಡತಿ ಮಂಗಳೂರು ಕಡೆಗೆ ಗುಳೆ ಹೋಗುತ್ತಾರೆ. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಮನೆ ಕಾಯಲು ಎಂಬತ್ತು ದಾಟಿದ ತಾಯಿ.

ಅದೇ ದಿನ ಮಧ್ಯಾಹ್ನ ಗಂಗಾವತಿ ಕಡೆಯಿಂದ ಇನ್ನೊಂದು ಅರ್ಜಿ ಬಂತು. ಹೆಸರಿನಲ್ಲಿ ಎರಡೇ ಎಕರೆ ಗದ್ದೆ, ಅದೂ ಉಪಕಾಲುವೆಯ ತಲೆಭಾಗದಲ್ಲಿ. ಲಾವಣಿಗೆ ಹಿಡಿದದ್ದು ಬೇರೆ ಏಳೆಂಟು ಎಕರೆ. ಟ್ರ್ಯಾಕ್ಟರ್ ಅಣ್ಣನ ಹೆಸರಿನಲ್ಲಿ, ಆರ್‌ಸಿಸಿ ಮನೆ ತಂದೆಯ ಹೆಸರಿನಲ್ಲಿ. ಪಡಿತರ ಕಾರ್ಡಿನಲ್ಲಿ ಮೂರು ಮನೆ, ಒಲೆ ಮಾತ್ರ ಒಂದೇ. ಅರ್ಜಿಯ ನಾಲ್ಕೂ ಕಲಮು ಪೂರ್ಣ. ಇವರನ್ನೂ ನಾನು ದೂರುವುದಿಲ್ಲ. ಒಂದು ಬೆಳೆಗೆ ನೀರು ತಪ್ಪಿದರೆ ಅವರ ಸಾಲವೂ ನಮ್ಮವರ ಸಾಲಕ್ಕಿಂತ ದೊಡ್ಡದೇ. ಆದರೆ ಎರಡೂ ಅರ್ಜಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ, ನಾನು ಬರೆದ ನಾಲ್ಕನೆಯ ಕಲಮು ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊಸ್ತಿಲಲ್ಲಿ ನಿಲ್ಲಿಸಿತು ಎಂಬುದು ಕಣ್ಣಿಗೆ ಹೊಡೆಯಿತು.

ಆದಾಯದ ಕಲಮುಗಳ ಜೊತೆ ನನ್ನ ನಂಟು ಹಳೆಯದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಕಡೆಯ ಶಾಖೆಗಳಲ್ಲಿ ಸಾಲದ ಅರ್ಜಿ ತುಂಬಿಸಿದ್ದೇನೆ. ‘ವಾರ್ಷಿಕ ಆದಾಯ’ ಎಂದು ಕೇಳಿದ ಕೂಡಲೇ ರೈತರು ನನ್ನ ಮುಖ ನೋಡುತ್ತಿದ್ದರು: ‘ಎಷ್ಟ ಬರೀಬೇಕ್ರೀ ಸರ?’ ಸಾಲಕ್ಕಾದರೆ ಹೆಚ್ಚು, ಸೌಲಭ್ಯಕ್ಕಾದರೆ ಕಡಿಮೆ. ರೇಷನ್ ಕಾರ್ಡಿಗೆ ವರ್ಷಕ್ಕೆ ₹1.20 ಲಕ್ಷದ ಒಳಗೆ, 3ಬಿ ಮೀಸಲಾತಿಗೆ ₹8 ಲಕ್ಷದ ಒಳಗೆ. ಹೀಗೆ ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಮೂರು ವರ್ಗಕ್ಕೆ ಸೇರಿದ್ದನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ. ತಿಂಗಳ ಸಂಬಳ ಇದ್ದ ನನ್ನಂಥವನ ಆದಾಯ ಮಾತ್ರ ಎಲ್ಲಿ ಬರೆದರೂ ಒಂದೇ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಉಳ್ಳವರು ಇಲ್ಲದವರು ಹೇಗೆ ಬೇರೆಯಾದರು? ನನ್ನ ಮಟ್ಟಿಗೆ ಮೊದಲ ಗೆರೆ ಎಳೆದದ್ದು ನೀರು. ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆ ಹುಟ್ಟುವುದು ನಮ್ಮ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ. ಅಲ್ಲಿಂದ ಅದು ಗಂಗಾವತಿಯನ್ನು ಭತ್ತದ ಕಣಜ ಮಾಡಿ ಸಿಂಧನೂರಿನತ್ತ ಸಾಗುತ್ತದೆ. ಎತ್ತರದಲ್ಲಿರುವ ಕುಷ್ಟಗಿಗೆ, ಯಲಬುರ್ಗಾಕ್ಕೆ ಅದು ಹತ್ತಲಿಲ್ಲ. ಕೃಷ್ಣೆಯ ನೀರು ಏತದಿಂದ ಬರುತ್ತದೆ ಎಂದು ಕೇಳುತ್ತ ಕೇಳುತ್ತ ನನ್ನ ತಲೆ ಬೆಳ್ಳಗಾಯಿತು. ಕಾಲುವೆ ಬಂದ ಹೊಸದರಲ್ಲಿ, ಗದ್ದೆ ಮಾಡಲು ಬಾರದೆ, ಬಂಡವಾಳವೂ ಇಲ್ಲದೆ ನಮ್ಮ ಕೆಲವರು ಹೊಲ ಮಾರಿದರು. ಆಂಧ್ರದ ಕಡೆಯಿಂದ ಬಂದ ರೈತರು ಕೊಂಡು ಕ್ಯಾಂಪ್ ಕಟ್ಟಿದರು. ಮಾರಿದವರ ಮೊಮ್ಮಕ್ಕಳು ಅದೇ ಗದ್ದೆಯಲ್ಲಿ ಇಂದು ಕೂಲಿಗೆ ನಿಲ್ಲುವುದನ್ನು ಕಂಡಿದ್ದೇನೆ. ಆದರೂ ಅವರಿಗೆ ಕೆಲಸವಾದರೂ ಉಂಟು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಗಂಗಾವತಿಯ ಗದ್ದೆಯವರು ನಿದ್ದೆಗೆಟ್ಟರು. ಅವರ ಜೊತೆಗೆ ನಿದ್ದೆಗೆಟ್ಟವರು ನಾಟಿಗೆ ಹೋಗುವ ಹೆಣ್ಣುಮಕ್ಕಳು. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ತೂಗಿ ನೋಡಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿವೆ. ಆ ವರದಿ ನಮಗೆ ಉಪಕಾರವನ್ನೇ ಮಾಡಿತು. ಮುಂದೆ 371(ಜೆ) ಬಂತು. ಆದರೆ ತಾಲ್ಲೂಕು ಹಿಂದುಳಿದದ್ದು ಎಂದರೆ ಅಲ್ಲಿನ ಎಲ್ಲರೂ ಒಂದೇ ಹೆಜ್ಜೆ ಹಿಂದೆ ನಿಂತಿದ್ದಾರೆ ಎಂದಲ್ಲವಲ್ಲ. ಯಲಬುರ್ಗಾದ ಎರಿ ಹೊಲದ ಮೂವತ್ತೆಕರೆಯವನ ಮಗ ಧಾರವಾಡದಲ್ಲಿ ಕೋಚಿಂಗ್ ಪಡೆದು 371(ಜೆ) ಸೀಟು ಹಿಡಿಯುತ್ತಾನೆ. ಅವನ ಹೊಲದಲ್ಲಿ ಕಡಲೆ ಕೀಳುವವಳ ಮಗ ಹತ್ತನೆಯ ಇಯತ್ತೆ ದಾಟಿದರೆ ಅದೇ ಹಬ್ಬ. ನನ್ನ ಮಗನೂ ಆ ಸೀಟಿನ ಫಲಾನುಭವಿಯೇ, ಅದನ್ನು ಮುಚ್ಚಿಟ್ಟು ಈ ಮಾತು ಬರೆಯಲಾರೆ.

ಬದುಕಿನ ಮಟ್ಟದ ಅಳತೆಯೂ ಹೀಗೆಯೇ ಕೈಕೊಡುತ್ತದೆ. ತೆಂಡೂಲ್ಕರ್ ಲೆಕ್ಕದಲ್ಲಿ 2011–12ರ ದೇಶದ ಬಡತನ ರೇಖೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ ₹816, ಎಂದರೆ ದಿನಕ್ಕೆ ಇಪ್ಪತ್ತೇಳು ರೂಪಾಯಿ ಚಿಲ್ಲರೆ. ಅದಕ್ಕೆ ಬಹಳ ಟೀಕೆ ಬಂತು. ಈಗ ನೀತಿ ಆಯೋಗ 12 ಸೂಚಕಗಳಿಂದ ಅಳೆಯುತ್ತದೆ: ಮನೆ, ಶೌಚಾಲಯ, ಅಡುಗೆಯ ಇಂಧನ, ವಿದ್ಯುತ್, ಬ್ಯಾಂಕ್ ಖಾತೆ, ಇತ್ಯಾದಿ. ಹಣ ಒಂದನ್ನೇ ನೋಡುವುದಕ್ಕಿಂತ ಇದು ಮೇಲು. ಆದರೂ ನನ್ನ ಆ ಸಂಬಂಧಿಕನ ಮನೆಗೆ ಬನ್ನಿ. ಗ್ಯಾಸ್ ಇದೆ, ಸಿಲಿಂಡರ್ ತುಂಬಿಸುವುದು ಮಂಗಳೂರಿನಿಂದ ಬಂದಾಗ ಮಾತ್ರ. ಶೌಚಾಲಯ ಇದೆ, ಅದರಲ್ಲಿ ಕಟ್ಟಿಗೆ ಒಟ್ಟಿದ್ದಾರೆ. ಬ್ಯಾಂಕ್ ಖಾತೆ ಇದೆ, ಅದನ್ನು ತೆರೆದವನು ನಾನೇ.

ನಮ್ಮ ಸಮಾಜಕ್ಕೆ ಇನ್ನೊಂದು ತೊಡಕಿದೆ. ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ‘ಪ್ರಬಲ ಜಾತಿ’ ಎಂಬ ಮಾತು ಬಳಕೆಗೆ ತಂದರು. ಕರ್ನಾಟಕದ ಪ್ರಬಲರ ಪಟ್ಟಿಯಲ್ಲಿ ಲಿಂಗಾಯತರ ಹೆಸರು ತಪ್ಪದೆ ಬರುತ್ತದೆ. ಶಾಸಕರೆಷ್ಟು, ಮಂತ್ರಿಗಳೆಷ್ಟು ಎಂದು ಎಣಿಸಿ ನಾವೂ ಹಿಗ್ಗುತ್ತೇವೆ. ಆ ಪ್ರಾಬಲ್ಯದಲ್ಲಿ ಗುಳೆ ಹೋಗುವ ಲಿಂಗಾಯತನಿಗೆ ಬಂದ ಪಾಲೆಷ್ಟು? 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು, 60 ಪ್ರಶ್ನೆಗಳ ನಮೂನೆ. ಧರ್ಮದ ಕಲಮಿನಲ್ಲಿ ಏನು ಬರೆಸಬೇಕು ಎಂದು ಸಭೆಯ ಮೇಲೆ ಸಭೆ ಮಾಡಿದೆವು, ನಾನೂ ಎರಡು ಕಡೆ ಭಾಷಣ ಮಾಡಿದೆ. ಆ ಚರ್ಚೆ ಬೇಕಾದದ್ದೇ. ಆದರೆ ಹೊಲ, ದುಡಿಮೆ, ಸಾಲದ ವಿಷಯ ಬಂದಾಗ ಸತ್ಯವನ್ನೇ ಬರೆಸಿ ಎಂದು ಹೇಳಲು ಒಂದಾದರೂ ಸಭೆ ಕರೆದೆವೇ?

ಈಗ ಮದುವೆಯ ಮಾತಿಗೆ ಬರುತ್ತೇನೆ. ಕಲ್ಯಾಣ ಕ್ರಾಂತಿಯ ಕಿಡಿ ಹೊತ್ತಿದ್ದೇ ಒಂದು ಮದುವೆಯಿಂದ. ಶರಣ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಕಲ್ಯಾಣ ಅದು. ಅದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆ ಶಿಕ್ಷೆ ಅನುಭವಿಸಿದರು. ಶ್ರಾವಣದ ಪ್ರವಚನಗಳಲ್ಲಿ ನಾವು ಇದನ್ನು ಜಾತಿ ಮುರಿದ ಮದುವೆ ಎಂದಷ್ಟೇ ಹೇಳಿ ಮುಗಿಸುತ್ತೇವೆ. ಆ ಮದುವೆಯಲ್ಲಿ ಮಂತ್ರಿಯ ಮಹಡಿಯ ಹೆಣ್ಣುಮಗಳು ಚಮ್ಮಾರನ ಗುಡಿಸಲಿಗೆ ನಡೆದು ಬಂದಳು ಎಂಬುದನ್ನು ಯಾಕೋ ಬಿಡುತ್ತೇವೆ. ಉಣ್ಣುವ ತಾಟು, ಮಲಗುವ ಹಾಸಿಗೆ, ಕೈಗೆ ಬರುವ ದುಡಿಮೆ ಎಲ್ಲ ಬದಲಾಗುವ ದಾಟು ಅದು. ಜಾತಿಯನ್ನಾದರೂ ದಾಟುತ್ತೇವೆ ಎನ್ನುವ ನಮ್ಮ ಸುಧಾರಕರ ಮನೆಗಳಲ್ಲಿ ಸಂಬಂಧ ಕುದುರುವಾಗ ಮೊದಲ ಪ್ರಶ್ನೆ ‘ನೀರಾವರಿ ಎಷ್ಟೈತಿ?’ ಎಂಬುದೇ. ಒಣಬೇಸಾಯದ ಹುಡುಗನಿಗೆ ಕನ್ಯೆ ಇಲ್ಲ. ಯಲಬುರ್ಗಾ ಕುಷ್ಟಗಿಯ ಹಳ್ಳಿಗಳಲ್ಲಿ ಮೂವತ್ತೈದು ದಾಟಿದ ಮದುವೆಯಾಗದ ಗಂಡುಮಕ್ಕಳು ಓಣಿಗೆ ಇಬ್ಬರು ಮೂವರಿದ್ದಾರೆ. ಎಲ್ಲರ ಕೊರಳಲ್ಲೂ ಇಷ್ಟಲಿಂಗವಿದೆ.

ನನ್ನ ಮಗಳ ಮದುವೆ ನಾನು ಮಾಡಿದ್ದು ಗಂಗಾವತಿಯ ದೊಡ್ಡ ಕಲ್ಯಾಣ ಮಂಟಪದಲ್ಲಿ. ಆಗಲೇ ನಾನು ಈ ಸಮಿತಿಯಲ್ಲಿ ಇದ್ದೆ. ಊಟದ ಎಲೆಯಲ್ಲಿ ಹದಿನೇಳು ಬಗೆ, ಎಷ್ಟೋ ಎಲೆಗಳು ಅರ್ಧ ತಿಂದು ಎದ್ದವು. ಖರ್ಚಿನ ಲೆಕ್ಕ ಬೇರೆ ಪುಸ್ತಕದಲ್ಲಿ ಇದೆ, ಇಲ್ಲಿ ಬರೆಯಲು ನಾಚಿಕೆ. ಅದಾದ ಮೂರನೆಯ ವಾರ ಮಠದ ಸಾಮೂಹಿಕ ವಿವಾಹದಲ್ಲಿ ನಿಂತು, ದುಂದುವೆಚ್ಚ ಬಿಡಿ ಎಂದು ಬಡವರ ಮಕ್ಕಳಿಗೆ ಉಪದೇಶ ಮಾಡಿದೆ. ಕೇಳಿದವರು ತಲೆಯಾಡಿಸಿದರು. ಅವರು ನನ್ನ ಮಗಳ ಮದುವೆಯಲ್ಲಿ ಬಡಿಸಿದವರು.

ಸಾಮೂಹಿಕ ವಿವಾಹ ಬಡವರದು, ಮಂಟಪದ ಮದುವೆ ಉಳ್ಳವರದು ಎಂದು ನಾವು ಮೊದಲೇ ಹಂಚಿಬಿಟ್ಟಿದ್ದೆವು. ನಾಲ್ಕನೆಯ ಕಲಮು ಅದಕ್ಕೆ ಮೊಹರು ಒತ್ತಿತು. ಅಲ್ಲಿಗೆ ಬರುವ ಜೋಡಿಗಳ ಹಣೆಗೆ ವಿಭೂತಿಯ ಜೊತೆ ಒಂದು ಕಾರ್ಡನ್ನೂ ಅಂಟಿಸಿದಂತೆ ಆಯಿತು. ದಾಸೋಹ ಎಂದು ನಾವು ಕರೆಯುವುದು ಎಷ್ಟೋ ಕಡೆ ದಾನವಾಗಿದೆ. ಕೊಡುವವನ ಹೆಸರು ಕಲ್ಲಿನ ಮೇಲೆ, ಇಸಿದುಕೊಳ್ಳುವವನ ಹೆಸರು ಪಟ್ಟಿಯಲ್ಲಿ. ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ತಾಯಿ ತಿರುಗಿ ಸುರಿದು ಬರಲು ಹೇಳಿದರಂತೆ. ಆ ದಂಪತಿಗಳು ಕುಷ್ಟಗಿಗೆ ನೆರೆಯಾದ ಲಿಂಗಸುಗೂರು ಸೀಮೆಯ ಅಮರೇಶ್ವರದವರು ಎಂಬ ಪ್ರತೀತಿ ಇದೆ. ಬಡವರಾದ ಅವರೇ ಹೆಚ್ಚಿನದನ್ನು ತಿರುಗಿ ಕೊಟ್ಟರು. ನಮ್ಮಲ್ಲಿ ಹೆಚ್ಚಿದ್ದವರನ್ನು ನಾವು ಕಾರ್ಯಕ್ರಮದ ಅಧ್ಯಕ್ಷತೆಗೆ ಕರೆಯುತ್ತೇವೆ.

ಬೇರೆ ರೀತಿ ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ರೊಟ್ಟಿ ಬರುತ್ತದೆ. ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಮಹಾದಾಸೋಹದ ಕೋಣೆಯಲ್ಲಿ ಅವು ರಾಶಿಯಾದ ಮೇಲೆ ಮೂವತ್ತೆಕರೆಯವನ ಮನೆಯ ರೊಟ್ಟಿ ಯಾವುದು, ಕೂಲಿಯವಳು ತಟ್ಟಿದ್ದು ಯಾವುದು ಎಂದು ಯಾರೂ ಹೇಳಲಾರರು. ಉಣ್ಣಲು ಕೂತವನನ್ನು ಯಾವ ಕಾರ್ಡು ಎಂದು ಕೇಳುವವರಿಲ್ಲ. ಅಂಥ ಪಂಕ್ತಿ ಊಟಕ್ಕೆ ಆಗುತ್ತದೆ, ಮದುವೆಗೆ ಯಾಕೆ ಆಗುವುದಿಲ್ಲ?

ಅದಕ್ಕಾಗಿ ಸಮಿತಿಯ ಮುಂದಿನ ಸಭೆಗೆ ಎರಡು ಠರಾವು ಬರೆದುಕೊಂಡಿದ್ದೇನೆ. ನಾಲ್ಕನೆಯ ಕಲಮು ತೆಗೆಯಬೇಕು, ಬಂದ ಯಾವ ಜೋಡಿಯನ್ನೂ ಕಾರ್ಡು ಕೇಳಬಾರದು. ಎರಡನೆಯದು, ಸಮಿತಿಯಲ್ಲಿ ಇರುವವರು, ವೇದಿಕೆಯ ಮೇಲೆ ಕೂರುವವರು ತಮ್ಮ ಮನೆಯ ಮುಂದಿನ ಮದುವೆಯನ್ನು ಇದೇ ಚಪ್ಪರದಲ್ಲಿ ಮಾಡಬೇಕು, ಇಲ್ಲವಾದರೆ ಸಮಿತಿ ಬಿಡಬೇಕು. ಖರ್ಚು ಹೆಚ್ಚಾಗುತ್ತದೆ, ಉಳ್ಳವರೂ ಪುಕ್ಕಟೆ ತಾಳಿ ಪಡೆಯುತ್ತಾರೆ ಎಂದು ಈಗಾಗಲೇ ಇಬ್ಬರು ಹೇಳಿದ್ದಾರೆ. ಅವರು ಪುಕ್ಕಟೆ ಪಡೆಯಲಿ, ಮಂಟಪದಲ್ಲಿ ಚೆಲ್ಲುತ್ತಿದ್ದುದನ್ನು ತಾವಾಗಿ ಹುಂಡಿಗೆ ಹಾಕಲಿ, ಹೆಸರು ಕೂಗುವುದು ಬೇಡ. ಹಾಕದಿದ್ದರೆ? ಅದೂ ಒಂದು ಲೆಕ್ಕವೇ, ನಾನು ಬರೆದಿಡುತ್ತೇನೆ.

ಕುಷ್ಟಗಿಯ ಆ ಅರ್ಜಿಯನ್ನು ನಾನು ಸ್ವೀಕರಿಸಿದ್ದೇನೆ. ನಾಲ್ಕನೆಯ ಕಲಮಿನ ಮುಂದೆ ‘ನೋಡಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಬ್ಯಾಂಕಿನಲ್ಲಿ ಇದ್ದಾಗ ಹೀಗೆ ಮಾಡಿದ್ದರೆ ನೋಟಿಸ್ ಬರುತ್ತಿತ್ತು. ಅಜ್ಜಾರಿಗೆ ಹೋಗಿ ಹೇಳಿದೆ. ‘ನಿಮ್ಮ ಮಗನದು ಯಾವಾಗ?’ ಎಂದಷ್ಟೇ ಕೇಳಿದರು. ಮಗನಿಗೆ ಬರುವ ವೈಶಾಖದಲ್ಲಿ ಮಾಡಬೇಕೆಂದಿದ್ದೇವೆ. ಅವನು ಒಪ್ಪಿದ್ದಾನೆ. ನನ್ನ ಮನೆಯಾಕೆ ಮೂರು ದಿನದಿಂದ ಮಾತಾಡಿಲ್ಲ, ಬೀಗರು ಬರುವ ಸೋಮವಾರ ಬರುತ್ತೇವೆ ಎಂದು ಫೋನು ಮಾಡಿದ್ದಾರೆ.