ಹಿಟ್ಟಿನ ಕೋಳಿಯೂ ಕಂಪ್ಯೂಟರಿನ ಕೊಲೆಯೂ



ಕಳೆದ ದಶಲಕ್ಷಣ ಪರ್ವದ ಮುಕ್ತಾಯದಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಕೆಲವು ಕುಟುಂಬಗಳ ಹಿರಿಯರು ಒಂದೆಡೆ ಸೇರಿದ್ದೆವು. ನಮ್ಮ ಮಕ್ಕಳು ಆಡುವ ವಿಡಿಯೋ ಗೇಮುಗಳ ಮೇಲೆ ಮಾತು ಹೊರಳಿತು. ಆ ಆಟಗಳಲ್ಲಿ ಕತ್ತಿ, ಬಂದೂಕು, ರಕ್ತ ಬಿಟ್ಟರೆ ಬೇರೇನಿಲ್ಲ, ಆಡುವವರನ್ನು ಪಾಠಶಾಲೆಗೆ ಸೇರಿಸಲೇಬಾರದು ಎಂದು ಒಂದು ಪಕ್ಷ ವಾದಿಸಿತು. ಅಲ್ಲಿ ಸಾಯುವುದು ಬಣ್ಣದ ಚಿತ್ರ, ಚಿತ್ರಕ್ಕೆ ಪ್ರಾಣವಿಲ್ಲ, ಪ್ರಾಣವಿಲ್ಲದಲ್ಲಿ ಹಿಂಸೆ ಎಲ್ಲಿಯದು ಎಂದು ಇನ್ನೊಂದು ಪಕ್ಷ ನಕ್ಕಿತು. ಅಂದು ನಾನು ಸುಮ್ಮನಿದ್ದೆ. ಎರಡೂ ಪಕ್ಷಗಳು ತಪ್ಪೆಂದು ಇಂದು ಬರೆಯುತ್ತಿದ್ದೇನೆ.

ಮೊದಲು ಎರಡನೆಯ ಪಕ್ಷದ ಮಾತು. ನಗುವ ಮುನ್ನ ಅವರು ನಮ್ಮ ಮನೆಯ ಗ್ರಂಥವನ್ನೇ ಮರೆತರು. ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಸತ್ತ ಕೋಳಿ ಎಂಥದ್ದು? ಹಿಟ್ಟಿನದು. ನಿಜವಾದ ಪ್ರಾಣಿಯನ್ನು ಕೊಲ್ಲಲು ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟ. ಅಲ್ಲಿ ಹರಿಯಲು ರಕ್ತವೇ ಇರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಆಡಾಗಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿ ಸತ್ತು ನವೆದರು. ಎತ್ತಿದ ಕತ್ತಿಯ ಹಿಂದೆ ಸಂಕಲ್ಪವಿತ್ತು. ಸಂಕಲ್ಪ ಮಾತ್ರ ಹಿಟ್ಟಿನದಾಗಿರಲಿಲ್ಲ.

ಲೆಕ್ಕ ಕಲಿತವನಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಕರ್ಮಾಸ್ರವಕ್ಕೆ ಜೀವನು ಆಧಾರವಾಗುವ ಬಗೆಗಳನ್ನು ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು, ಅಂದರೆ ಎಣಿಕೆ ಹಾಕುವುದು, ಸಿದ್ಧತೆ ಮಾಡುವುದು, ಕೆಲಸಕ್ಕೆ ಕೈಹಚ್ಚುವುದು. ಮನ, ವಚನ, ಕಾಯ ಎಂದು ಮೂರು. ತಾನೇ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ 108. ಆಟದಲ್ಲಿ ಜೀವಹಾನಿ ಇಲ್ಲವೆಂದು ಆರಂಭದ ಪಾಲಿನ 36ನ್ನು ಬಿಟ್ಟುಕೊಡೋಣ. ಉಳಿದ 72ರ ಲೆಕ್ಕವನ್ನು ನಕ್ಕವರು ಯಾವ ಖಾತೆಗೆ ಬರೆಯುತ್ತಾರೆ? ಪ್ರಯೋಜನವಿಲ್ಲದ ಪಾಪವನ್ನು ತಡೆಯಲೆಂದೇ ಶ್ರಾವಕನಿಗೆ ಅನರ್ಥದಂಡವ್ರತವನ್ನು ಹೇಳಿದೆ. ಕೆಟ್ಟದ್ದನ್ನು ಚಿಂತಿಸುತ್ತ ಕೂರುವ ಅಪಧ್ಯಾನವೂ ಅದರಲ್ಲಿ ಸೇರಿದೆ.

ಇಷ್ಟಕ್ಕೇ ನಿಷೇಧದ ಪಕ್ಷದವರು ಹಿಗ್ಗಬೇಕಾಗಿಲ್ಲ. ಅವರಿಗೆ ನನ್ನ ಮೊಮ್ಮಗನ ಕಥೆ ಹೇಳಬೇಕಾಗಿದೆ.

ಆತ ಇಂಜಿನಿಯರಿಂಗ್ ವಿದ್ಯಾರ್ಥಿ. ರಜೆಗೆ ಚನ್ನಗಿರಿಗೆ ಬಂದಾಗ ‘ದಿ ವಿಚರ್ 3’ ಎಂಬ ಆಟವನ್ನು ಆಡುತ್ತಿದ್ದ. ಪೋಲೆಂಡ್ ದೇಶದ ಕಂಪನಿಯೊಂದು 2015ರಲ್ಲಿ ಹೊರತಂದ ಈ ಆಟ ವಯಸ್ಕರಿಗಾಗಿ ಮಾಡಿದ್ದು, ಚಿಕ್ಕ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಆಡುವವನು ಕೂಲಿಗೆ ಭೂತಪಿಶಾಚಿಗಳನ್ನು ಬೇಟೆಯಾಡುವ ಒಬ್ಬನ ಪಾತ್ರವನ್ನು ಧರಿಸುತ್ತಾನೆ, ಅವನ ನಿರ್ಧಾರಗಳನ್ನು ತಾನೇ ತೆಗೆದುಕೊಳ್ಳುತ್ತಾನೆ. ಪಕ್ಕದಲ್ಲಿ ಕುಳಿತು ನೋಡಿದೆ.

ಒಂದು ಗುಡ್ಡದ ಮರದ ಬೇರುಗಳಲ್ಲಿ ಒಂದು ಆತ್ಮ ಬಂಧಿತವಾಗಿದೆ. ಅದನ್ನು ಕೊಲ್ಲೆಂದು ಜೌಗಿನ ಮೂವರು ಮಾಟಗಾತಿಯರು ಕಳುಹಿಸಿದ್ದಾರೆ. ಅದೇ ಜೌಗಿನಲ್ಲಿ ಅನಾಥ ಮಕ್ಕಳಿದ್ದಾರೆ, ಮಾಟಗಾತಿಯರು ಅವರನ್ನು ತಿನ್ನುವವರಿದ್ದಾರೆ. ನನ್ನನ್ನು ಬಿಡಿಸಿದರೆ ಮಕ್ಕಳನ್ನು ಉಳಿಸುತ್ತೇನೆ ಎನ್ನುತ್ತದೆ ಆತ್ಮ. ನಂಬಬೇಕೋ ಬೇಡವೋ? ಹುಡುಗ ಬಹಳ ಹೊತ್ತು ಕೈಕಟ್ಟಿ ಕುಳಿತ. ಕಡೆಗೆ ಮಕ್ಕಳಿಗಾಗಿ ಬಿಡಿಸಿದ. ಫಲ ಕೂಡಲೇ ತಿಳಿಯಲಿಲ್ಲ, ಗಂಟೆಗಳ ಆಟದ ನಂತರ ತಿಳಿಯಿತು. ಮಕ್ಕಳು ಉಳಿದವು. ಆದರೆ ಆ ಆತ್ಮ ಪಕ್ಕದ ಹಳ್ಳಿಯೊಂದನ್ನು ನಾಶಮಾಡಿತ್ತು. ಮಕ್ಕಳನ್ನು ಸಾಕುತ್ತಿದ್ದ ಹೆಂಗಸು ಶಾಪಕ್ಕೆ ಸಿಕ್ಕಿ ಸತ್ತಳು, ಅವಳ ಗಂಡ ನೇಣು ಹಾಕಿಕೊಂಡ.

ಹುಡುಗನ ಕಣ್ಣು ತುಂಬಿತ್ತು. ಚಿತ್ರಕ್ಕೆ ಪ್ರಾಣವಿಲ್ಲ, ಆದ್ದರಿಂದ ಪಾಪವಿಲ್ಲ ಎನ್ನುವವರು ಆ ಕಣ್ಣೀರಿಗೆ ಏನೆನ್ನುತ್ತಾರೆ? ಚಿತ್ರದ ಮಕ್ಕಳ ಮೇಲೆ ಹುಟ್ಟಿದ ಕರುಣೆ ನಿಜವಾದರೆ, ಚಿತ್ರದ ಶತ್ರುವಿನ ಮೇಲೆ ಹುಟ್ಟುವ ಕ್ರೌರ್ಯವೂ ನಿಜವೇ. ಆಟವನ್ನೆಲ್ಲ ಹೊರಗಟ್ಟಬೇಕೆನ್ನುವವರು ಹೇಳಲಿ: ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯವೂ ಕಾಣದಲ್ಲಿ ಕೇಡು ತರಬಲ್ಲದೆಂದು, ಆದ್ದರಿಂದ ಪ್ರಮಾದವಿಲ್ಲದೆ ನಡೆಯಬೇಕೆಂದು ಯಾವ ಪ್ರವಚನ ಆ ಹುಡುಗನಿಗೆ ಅಷ್ಟು ಆಳವಾಗಿ ಕಲಿಸಿತ್ತು?

ನಾನು ಕೆಟ್ಟದ್ದೆನ್ನುವುದು ಆಮೇಲೆ ನಡೆದುದನ್ನು. ಹುಡುಗ ಕಣ್ಣೊರೆಸಿಕೊಂಡು ಒಂದು ಗುಂಡಿ ಒತ್ತಿದ. ಮೊದಲೇ ‘ಸೇವ್’ ಮಾಡಿಟ್ಟಿದ್ದ ಜಾಗಕ್ಕೆ ಆಟ ಹಿಂದಿರುಗಿತು. ಹಳ್ಳಿ ಮತ್ತೆ ಎದ್ದಿತು, ಸತ್ತವರು ಬದುಕಿದರು. ಈ ಸಲ ಅವನು ಆತ್ಮವನ್ನು ಕೊಂದ. ಹಳ್ಳಿ ಉಳಿಯಿತು, ಮಕ್ಕಳು ಇಲ್ಲವಾದರು, ಆ ಹೆಂಗಸು ಬುದ್ಧಿ ಕಳೆದುಕೊಂಡಳು. ಅವನು ಮತ್ತೆ ಹಿಂದಿರುಗಿ, “ತಾತ, ಎರಡರಲ್ಲಿ ಯಾವುದು ಲಾಭ?” ಎಂದು ಕೇಳಿದ. ಅವನ ದನಿಯಲ್ಲಿ ಕರುಣೆ ಇರಲಿಲ್ಲ. ಅದು ನಮ್ಮ ಅಂಗಡಿಯ ದನಿಯಾಗಿತ್ತು.

ವಾಣಿಜ್ಯ ಓದಿದವರೆಲ್ಲ ಬಲ್ಲರು: ಖಾತೆಯಲ್ಲಿ ತಪ್ಪು ನಮೂದಾದರೆ ಅದನ್ನು ಕೆರೆದು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪು ತಪ್ಪಾಗಿಯೇ ಉಳಿದು, ಅದರ ಕೆಳಗೆ ತಿದ್ದುಪಡಿಯ ನಮೂದು ಬರಬೇಕು. ಪ್ರತಿಕ್ರಮಣ ಅಂಥ ನಮೂದು. ಮಾಡಿದ್ದನ್ನು ಒಪ್ಪಿ, ನಿಂದಿಸಿಕೊಂಡು, ಇನ್ನು ಮಾಡೆನೆಂದು ಹಿಂದಿರುಗುವುದು. ಸೇವ್ ಮಾಡಿದ ಜಾಗಕ್ಕೆ ಮರಳುವುದು ಹಾಳೆ ಹರಿಯುವುದು. ಎರಡರಲ್ಲೂ ಹಿಂದಿರುಗುವ ಮಾತಿದೆ ಎಂದು ಮೋಸಹೋಗಬಾರದು.

ಹಾಳೆ ಹರಿಯುವುದನ್ನು ಮಕ್ಕಳಿಗೆ ಯಂತ್ರ ಮಾತ್ರ ಕಲಿಸಿತೇ? ಕ್ಷಮಾವಣಿಯ ಬೆಳಿಗ್ಗೆ ಒಂದೇ ಸಂದೇಶವನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಕಳುಹಿಸಿ, ನಿಜವಾಗಿ ನೋಯಿಸಿದ ಒಬ್ಬನ ಮನೆ ಬಾಗಿಲಿಗೆ ಹೋಗದೆ ಉಳಿಯುವವರು ಯಾರು? ವ್ಯಾಪಾರದ ಅಡ್ಡದಾರಿಯನ್ನು ಅಭಿಷೇಕದ ಸವಾಲಿನಲ್ಲಿ ತೊಳೆದುಕೊಂಡೆವೆಂದು ತಿಳಿಯುವವರು ಯಾರು? ಅನ್ಯರನ್ನು ಹೆಸರಿಸುವುದಿಲ್ಲ, ನನ್ನನ್ನೇ ಹೆಸರಿಸುತ್ತೇನೆ. 1994ರ ಸುಗ್ಗಿಯಲ್ಲಿ ನ್ಯಾಮತಿ ಕಡೆಯ ಒಬ್ಬ ರೈತರು 18 ಚೀಲ ಅಡಿಕೆ ತಂದಿದ್ದರು. ಚೆನ್ನಾಗಿ ಒಣಗಿದ ಮಾಲು. ಅವರಿಗೆ ಹಣದ ತುರ್ತಿತ್ತು, ಅದು ನನಗೆ ಗೊತ್ತಿತ್ತು. ತೇವದ ನೆಪ ಹೇಳಿ ಚೀಲಕ್ಕೆ ಎರಡು ಕಿಲೋ ಕಡಿದೆ. ಅವರು ಮಾತಾಡದೆ ಹೋದರು. ಆ ವರ್ಷ ಬಸದಿಗೆ ಕೊಟ್ಟ ಕಾಣಿಕೆ ಆ 36 ಕಿಲೋ ಬೆಲೆಗಿಂತ ಹೆಚ್ಚೇ ಇತ್ತು, ಲೆಕ್ಕ ಸರಿಹೋಯಿತೆಂದು ತಿಳಿದೆ. ಮೊಮ್ಮಗ ಗುಂಡಿ ಒತ್ತಿದ ರಾತ್ರಿ ಆ ಚೀಲಗಳು ನೆನಪಾದವು. ಮರುವಾರ ನ್ಯಾಮತಿಗೆ ಹೋದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನ ಮುಂದೆ ಎಲ್ಲವನ್ನೂ ಹೇಳಿ ಹಣ ಇಟ್ಟೆ. ಆತ ತೆಗೆದುಕೊಂಡು, “ಅಪ್ಪ ಇದ್ದಾಗ ಬರಬೇಕಿತ್ತು ಸಾವುಕಾರ್ರೆ” ಎಂದ. ಅಲ್ಲಿಗೆ ಹಿಂದಿರುಗಿಸುವ ಗುಂಡಿ ನನ್ನ ಬಳಿ ಇರಲಿಲ್ಲ.

ವಿಚಿತ್ರವೆಂದರೆ ಆಟ ಕಟ್ಟುವವರಲ್ಲೇ ಕೆಲವರು ಇದನ್ನು ಅರಿತಿದ್ದಾರೆ. 2015ರಲ್ಲೇ ಅಮೆರಿಕದ ಟೋಬಿ ಫಾಕ್ಸ್ ಎಂಬಾತ ‘ಅಂಡರ್‌ಟೇಲ್’ ಎಂಬ ಆಟ ರಚಿಸಿದ. ಒಬ್ಬರನ್ನೂ ಕೊಲ್ಲದೆ ಅದನ್ನು ಮುಗಿಸಬಹುದು. ಆರಂಭದಲ್ಲಿ ತಾಯಿಯಂತೆ ಸಲಹಿದವಳನ್ನು ಕೊಂದು, ಪಶ್ಚಾತ್ತಾಪಪಟ್ಟು, ಹಿಂದಿರುಗಿ ಅವಳನ್ನು ಉಳಿಸಿದರೆ, ನೀನು ಮೊದಲು ಮಾಡಿದ್ದು ನನಗೆ ಗೊತ್ತು ಎಂದು ಒಂದು ಪಾತ್ರ ಹಂಗಿಸುತ್ತದೆ. ಎಲ್ಲರನ್ನೂ ಕೊಂದು ಮುಗಿಸಿದವನು ಮತ್ತೆ ಅಹಿಂಸೆಯ ದಾರಿ ಹಿಡಿದರೂ ಆ ಕಲೆ ಕೊನೆಯವರೆಗೆ ಹೋಗದು. ಕರ್ಮಸಿದ್ಧಾಂತ ಓದದವನು ಕಟ್ಟಿದ್ದನ್ನು ಕರ್ಮಸಿದ್ಧಾಂತದ ಒಡೆಯರಾದ ನಾವು ಅರಿಯದೆ ಹೋದೆವು. 84 ಮನೆಗಳ ಜ್ಞಾನಚೌಪಡ್‌ ಪಟದಲ್ಲಿ ಹಾವು ಏಣಿಗಳ ಮೂಲಕ ಪಾಪಪುಣ್ಯದ ಏರಿಳಿತವನ್ನು ಕಲಿಸಿದ ಪರಂಪರೆ ನಮ್ಮದು. ಆಟವೆಂದರೆ ಹೆದರುವುದು ನಮಗೆ ಶೋಭಿಸದು.

ಆದ್ದರಿಂದ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ: ಪಾಠಶಾಲೆಯ ಬಾಗಿಲು ಮುಚ್ಚಬೇಡಿ. ಯುವಕರೊಡನೆ ‘ಯಶೋಧರ ಚರಿತೆ’ ಓದಿ, ಹಿಟ್ಟಿನ ಕೋಳಿಗೂ ಅವರ ಆಟಕ್ಕೂ ಏನು ಸಂಬಂಧವೆಂದು ಅವರನ್ನೇ ಕೇಳಿ. ಆಯ್ಕೆ ಮತ್ತು ಫಲವಿರುವ ಆಟವನ್ನು ಒಮ್ಮೆ ಹಿಂದಿರುಗದೆ ಆಡಿ ಮುಗಿಸಲು ಹೇಳಿ. ಕೊಂದು ಎಣಿಸುವುದೇ ಗುರಿಯಾದ ಆಟವನ್ನು ತಾವಾಗಿ ಬಿಡುವಂತೆ ಬುದ್ಧಿ ಹೇಳಿ. ಹಿರಿಯರು ಪಕ್ಕದಲ್ಲಿ ಕುಳಿತುಕೊಳ್ಳಲಿ. ಬರುವ ಕ್ಷಮಾವಣಿಯ ದಿನ ಪ್ರತಿಯೊಬ್ಬ ಪದಾಧಿಕಾರಿ ಒಂದೇ ಒಂದು ಬಾಗಿಲಿಗೆ, ಹೋಗಲು ತನಗೆ ಅತ್ಯಂತ ಕಷ್ಟವಾದ ಬಾಗಿಲಿಗೆ, ಕಾಲ್ನಡಿಗೆಯಲ್ಲಿ ಹೋಗಲಿ, ಮಕ್ಕಳನ್ನೂ ಕರೆದೊಯ್ಯಲಿ.

ನ್ಯಾಮತಿಗೆ ನಾನು ಒಬ್ಬನೇ ಹೋಗಿದ್ದೆ. ಮೊಮ್ಮಗನನ್ನು ಕರೆದೊಯ್ಯಬೇಕಿತ್ತು.

ಜೈ ಜಿನೇಂದ್ರ.