ಹಿಂದಕ್ಕೆ ಬಾರದ ಬಾಟಲಿಗಳು

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನಮ್ಮ ಚರ್ಚೆ ಬಹುಬೇಗ ಎರಡೇ ಪ್ರಶ್ನೆಗೆ ಬಂದು ನಿಂತಿತು: ತಪ್ಪು ರಾಜ್ಯದ್ದೋ ಕೇಂದ್ರದ್ದೋ, ಪರಿಹಾರ ಎಷ್ಟು ಲಕ್ಷ? ಸಂಶಯ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ. ಅದರ ಕೆಲವು ಬ್ಯಾಚುಗಳು ಕರ್ನಾಟಕದ ಪ್ರಯೋಗಾಲಯದಲ್ಲಿ ಮೊದಲೇ ಫೇಲಾಗಿದ್ದವು, ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾಗಿದ್ದವು. ಡಿಸೆಂಬರ್‌ನಲ್ಲಿ ಆ ಕಂಪನಿಗೆ ಉತ್ಪಾದನೆ ನಿಲ್ಲಿಸುವಂತೆ ಆದೇಶವಾಯಿತು. 2025ರ ಜನವರಿಯಲ್ಲಿ ಮಿಡ್ನಾಪುರದ ಆಸ್ಪತ್ರೆಯಲ್ಲಿ ಮತ್ತೊಬ್ಬ ಬಾಣಂತಿ ಸತ್ತಳು. ಅಲ್ಲೂ ಅದೇ ಕಂಪನಿಯ ಡ್ರಿಪ್ ಕೊಟ್ಟಿದ್ದರೆಂಬ ಆರೋಪ ಬಂತು. ಅಲ್ಲಿನ ಸರ್ಕಾರ ವೈದ್ಯರ ನಿರ್ಲಕ್ಷ್ಯ ಎಂದು ಹೇಳಿ ಹಲವರನ್ನು ಅಮಾನತು ಮಾಡಿತು. ನಿರ್ಲಕ್ಷ್ಯವೂ ಇದ್ದಿರಬಹುದು. ಆದರೆ ಕಾರ್ಖಾನೆಗೇ ಬೀಗ ಬಿದ್ದ ಮೇಲೆ ಆ ಬಾಟಲಿ ವಾರ್ಡಿನಲ್ಲಿ ಏನು ಮಾಡುತ್ತಿತ್ತು?

ಉತ್ತರ ಸರಳ. ಉತ್ಪಾದನೆ ನಿಲ್ಲಿಸುವುದು ಒಂದು ಕೆಲಸ, ಊರೂರಿಗೆ ಹೋಗಿಬಿಟ್ಟ ಔಷಧವನ್ನು ವಾಪಸ್ ತರುವುದು ಇನ್ನೊಂದು. ಎರಡನೆಯದನ್ನು ನಾವು ಇನ್ನೂ ಕಂಪನಿಯ ಸೌಜನ್ಯಕ್ಕೆ ಬಿಟ್ಟಿದ್ದೇವೆ. 1940ರ ಔಷಧ ಕಾಯ್ದೆಯಲ್ಲಿ ಇದಕ್ಕೊಂದು ಅಧ್ಯಾಯವೇ ಇಲ್ಲ. 1945ರ ನಿಯಮಗಳಲ್ಲಿ ಲೈಸೆನ್ಸಿನ ಒಂದು ಷರತ್ತಾಗಿ ಮಾತ್ರ ಬರುತ್ತದೆ: ಅಧಿಕಾರಿ ಸೂಚಿಸಿದರೆ, ಆಯಾ ಸಂದರ್ಭದಲ್ಲಿ ಸಾಧ್ಯವಾದ ಮಟ್ಟಿಗೆ, ಕಂಪನಿ ಆ ಬ್ಯಾಚನ್ನು ಹಿಂಪಡೆಯಬೇಕು. ‘ಸಾಧ್ಯವಾದ ಮಟ್ಟಿಗೆ’! ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪದಗಳನ್ನು ಹಿಂಜಿ ಹಿಂಜಿ ಓದುತ್ತೇವಲ್ಲ, ಈ ಎರಡು ಪದಗಳನ್ನೂ ಒಮ್ಮೆ ಹಾಗೆ ಓದಬೇಕು. 2012ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಅತಿ ಅಪಾಯಕಾರಿ ಔಷಧಕ್ಕೆ ಗರಿಷ್ಠ 72 ಗಂಟೆಗಳ ಗಡುವು ಹಾಕಿತು. ಅದು ಮಾರ್ಗಸೂಚಿ, ಕಾನೂನಲ್ಲ.

ಅಮೆರಿಕದಲ್ಲಿ 1937ರಲ್ಲಿ ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ ದ್ರವ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. ಆಗಿನ ಕಾನೂನಿನಲ್ಲಿ ವಿಷವಿದೆ ಎಂಬ ಕಾರಣಕ್ಕೆ ಅದನ್ನು ಜಪ್ತಿ ಮಾಡುವಂತಿರಲಿಲ್ಲ. ‘ಎಲಿಕ್ಸಿರ್’ ಎಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿಲ್ಲ, ಹಾಗಾಗಿ ಲೇಬಲ್ಲು ಸುಳ್ಳು ಎಂಬ ಒಂದೇ ಎಳೆ ಹಿಡಿದು ಇನ್‌ಸ್ಪೆಕ್ಟರುಗಳು ಅಂಗಡಿ, ಮನೆ ಎನ್ನದೆ ತಿರುಗಿದರು. 240 ಗ್ಯಾಲನ್‌ಗಳಲ್ಲಿ 234ರಷ್ಟು ವಾಪಸ್ ಬಂತು. ಮರುವರ್ಷವೇ ಹೊಸ ಕಾನೂನು ಬಂತು.

ಅದೇ ವಿಷ ನಮ್ಮಲ್ಲಿ ಇವತ್ತಿಗೂ ಜನರನ್ನು ಕೊಲ್ಲುತ್ತಿದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆ, 1998ರಲ್ಲಿ ಗುರ್‌ಗಾಂವ್, 2020ರ ಹೊತ್ತಿಗೆ ಜಮ್ಮುವಿನ ರಾಮನಗರ, 2025ರಲ್ಲಿ ಛಿಂದ್ವಾಡಾ. ಛಿಂದ್ವಾಡಾದ ಕೆಮ್ಮಿನ ಸಿರಪ್ಪಿನಲ್ಲಿ ತಮಿಳುನಾಡಿನ ಪ್ರಯೋಗಾಲಯಕ್ಕೆ ಸಿಕ್ಕ ಪ್ರಮಾಣ ಶೇ. 48.6. ಇರಬಹುದಾದ ಮಿತಿ ಶೇ. 0.1. ವರದಿಯಲ್ಲಿ ಇದಕ್ಕೂ ಬಳಸಿದ್ದು ‘ನಿಗದಿತ ಗುಣಮಟ್ಟದ್ದಲ್ಲ’ ಎಂಬ ಮಾಮೂಲು ನುಡಿಗಟ್ಟನ್ನೇ. ನೀರಲ್ಲಿ ಬೇಗ ಕರಗದ ಮಾತ್ರೆಗೂ ಇದೇ ಮಾತು, ಅರ್ಧದಷ್ಟು ವಿಷ ತುಂಬಿದ ಸಿರಪ್ಪಿಗೂ ಇದೇ ಮಾತು.

‘ಮಾಲೀಕನನ್ನು ಬಂಧಿಸಿದರಲ್ಲ, ಪರಿಹಾರ ಕೊಟ್ಟರಲ್ಲ, ಇನ್ನೇನು ಬೇಕು?’ ಎಂದು ಕೇಳುವವರಿದ್ದಾರೆ. ರಾಮನಗರದ ಪ್ರಕರಣ ನೋಡಿ. ಸತ್ತ ಮಕ್ಕಳ ಕುಟುಂಬಗಳಿಗೆ ತಲಾ 3 ಲಕ್ಷ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿದ್ದಕ್ಕೆ ಜಮ್ಮು ಕಾಶ್ಮೀರದ ಆಡಳಿತ ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೂ ಹೋಯಿತು. 2022ರಲ್ಲಿ ಅಲ್ಲೂ ಸೋತಿತು. 3 ಲಕ್ಷ ಉಳಿಸಲು ಸರ್ಕಾರಕ್ಕೆ ವಕೀಲರು ಸಿಕ್ಕರು. ಇದನ್ನು ಪರಿಹಾರ ಎನ್ನುವುದಕ್ಕಿಂತ ಭಿಕ್ಷೆ ಎನ್ನಬೇಕು; ಅದೂ ಗದರಿಸಿ ಕೊಟ್ಟದ್ದು.

ಕಾನೂನು ಪೂರ್ತಿ ಬರಿದಾಗಿಲ್ಲ. ಕಲಬೆರಕೆ ಔಷಧದಿಂದ ಸಾವಾದರೆ ಅಪರಾಧಿಗೆ ವಿಧಿಸುವ ದಂಡ, ಕನಿಷ್ಠ 10 ಲಕ್ಷ, ಸಂತ್ರಸ್ತರಿಗೇ ಸಲ್ಲಬೇಕು ಎಂದು 2008ರ ತಿದ್ದುಪಡಿ ಹೇಳುತ್ತದೆ. ಆದರೆ ಅಪರಾಧ ಸಾಬೀತಾದ ಮೇಲೆ. ಅಷ್ಟರಲ್ಲಿ ಆ ಮಗುವಿನ ತಂಗಿ ಕಾಲೇಜು ಸೇರಿರುತ್ತಾಳೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಯಾರಕರನ್ನು ನೇರವಾಗಿ ಹೊಣೆ ಮಾಡುತ್ತದೆ, ಒಂದೇ ಹಾನಿ ಅನುಭವಿಸಿದ ಹಲವರು ಒಟ್ಟಾಗಿ ದೂರು ಕೊಡಲೂ ಬಿಡುತ್ತದೆ. ಒಳ್ಳೆಯದೇ. ಆದರೆ ಗ್ರಾಹಕ ಯಾರು? ದುಡ್ಡು ಕೊಟ್ಟು ಕೊಂಡವನು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯ್ದೆಯ ಹೊರಗೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಂದರೆ ಮೆಡಿಕಲ್ ಶಾಪಿನಲ್ಲಿ ಬಿಲ್ ಪಡೆದ ನನಗೊಂದು ದಾರಿ ಇದೆ. ಸರ್ಕಾರಿ ವಾರ್ಡಿನಲ್ಲಿ ಬಿಟ್ಟಿ ಡ್ರಿಪ್ ಹಾಕಿಸಿಕೊಂಡ ಬಡ ಬಾಣಂತಿಯ ಮನೆಯವರು ಮೊದಲು ತಾವು ಗ್ರಾಹಕರು ಹೌದೋ ಅಲ್ಲವೋ ಎಂದೇ ವಾದಿಸಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಇಂಥ ಸಾವುಗಳಾದಾಗ ಮಂತ್ರಿಗಳ ಕಾರಿಗಿಂತ ಮೊದಲು ಜಿಲ್ಲಾ ಪ್ರಾಧಿಕಾರದ ವಕೀಲರು ಆ ಮನೆಗೆ ಹೋಗಬೇಕು. ಅವರು ಹೋದರೂ ಕೇಳುವ ಮೊದಲ ಪ್ರಶ್ನೆ ಬ್ಯಾಚ್ ನಂಬರ್ ಯಾವುದು ಎಂಬುದೇ. ಅದು ಖಾಲಿ ಬಾಟಲಿಯ ಮೇಲಿತ್ತು, ಬಾಟಲಿ ಆಸ್ಪತ್ರೆಯ ಕಸಕ್ಕೆ ಹೋಗಿದೆ. ರೋಗಿಯ ಕೇಸ್ ಶೀಟಿನಲ್ಲಿ ಪ್ರತಿ ಡ್ರಿಪ್ಪಿನ ಬ್ಯಾಚ್ ನಂಬರ್ ಬರೆಯಬೇಕು, ಡಿಸ್ಚಾರ್ಜ್ ಆಗುವಾಗ ಅದರ ಪ್ರತಿ ಮನೆಯವರ ಕೈಗೆ ಕೊಡಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.